ಕೇಕ್ ಅಲಂಕಾರಕ್ಕೆ ಕಡುಬಣ್ಣದ ಬಟರ್‌ಕ್ರೀಮ್: ಕಪ್ಪು, ಕೆಂಪು, ಕಡುನೀಲಿಗಳನ್ನು ತಯಾರಿಸುವ ಕ್ರಮ

ತಿಳಿಗುಲಾಬಿ, ತಿಳಿಹಳದಿ, ಆಕಾಶನೀಲಿಯಂತಹ ಬಣ್ಣಗಳನ್ನು ಬಟರ್‌ಕ್ರೀಮ್‌ಗೆ ಬೆರೆಸುವುದು ಯಾರಿಗೂ ಕಷ್ಟವಾಗುವುದಿಲ್ಲ. ಒಂದೆರಡು ಹನಿ ಹಾಕಿ ತಿರುವಿದರೆ ಕೆಲಸ ಮುಗಿಯುತ್ತದೆ. ಕಪ್ಪು, ಕಡುಗೆಂಪು, ಕಡುನೀಲಿ, ದಟ್ಟಹಸಿರು ಬೇಕೆಂದಾಗ ತೊಡಕು ಶುರುವಾಗುತ್ತದೆ. ಎಷ್ಟು ಬಣ್ಣ ಸುರಿದರೂ ಕಪ್ಪು ಬೂದಿಯಲ್ಲೇ ನಿಲ್ಲುತ್ತದೆ, ಕೆಂಪು ಗುಲಾಬಿಯನ್ನು ದಾಟುವುದಿಲ್ಲ. ಬೇಕಾದ ಬಣ್ಣ ಬರುವಷ್ಟರಲ್ಲಿ ಕ್ರೀಮ್ ಕಹಿಯಾಗಿ ಸಡಿಲಗೊಂಡು, ತಿಂದವರ ನಾಲಿಗೆ ಹಲ್ಲುಗಳಿಗೆಲ್ಲ ಬಣ್ಣ ಮೆತ್ತಿಕೊಳ್ಳುತ್ತದೆ. ಬಾಟಲಿ ತೆರೆಯುವ ಮುನ್ನವೇ ತಕ್ಕ ತಳಬಣ್ಣವನ್ನು ಆರಿಸಿಕೊಂಡು, ಕ್ರೀಮಿನೊಳಗಿನ ಗಾಳಿಯನ್ನು ಹೊರಹಾಕಿ, ಬೆರೆಸಿದ ಮೇಲೆ ಸಾಕಷ್ಟು ಸಮಯ ಕೊಟ್ಟರೆ ಬಹಳ ಕಡಿಮೆ ಬಣ್ಣದಲ್ಲೇ ದಟ್ಟವಾದ, ಬಾಯಿಗೂ ಹಿತವಾದ ಕ್ರೀಮ್ ಸಿಗುತ್ತದೆ.

ಬಣ್ಣ ಏಕೆ ಪೇಲವವಾಗಿ ಉಳಿಯುತ್ತದೆ

ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬು ಇದ್ದು, ನೀರಿನ ಅಂಶ ಶೇಕಡಾ 16ರ ಆಸುಪಾಸಿನಲ್ಲಿರುತ್ತದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಜೆಲ್ ಬಣ್ಣಗಳು ನೀರಿನಲ್ಲಿ ಕರಗುವಂಥವು, ಕೊಬ್ಬಿನಲ್ಲಿ ಅವು ಕರಗುವುದಿಲ್ಲ. ಹಾಗಾಗಿ ಬೆಣ್ಣೆಯೊಳಗೆ ಚದುರಿಕೊಂಡಿರುವ ಸಣ್ಣಸಣ್ಣ ನೀರಿನ ಹನಿಗಳಲ್ಲೇ ಬಣ್ಣ ನಿಧಾನವಾಗಿ ಹರಡಿಕೊಳ್ಳಬೇಕಾಗುತ್ತದೆ, ಮತ್ತು ಆ ಹರಡುವಿಕೆಗೆ ಗಂಟೆಗಟ್ಟಲೆ ಸಮಯ ಬೇಕು. ಇದರ ಜೊತೆಗೆ, ಬೀಟರ್‌ನಿಂದ ಚೆನ್ನಾಗಿ ನೊರೆ ಬರುವಂತೆ ಬಡಿದ ಕ್ರೀಮಿನಲ್ಲಿ ಅಸಂಖ್ಯ ಗಾಳಿಗುಳ್ಳೆಗಳಿರುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಕ್ರೀಮ್ ಬೆಳ್ಳಗೆ ಕಾಣುತ್ತದೆ. ಅದೇ ಕ್ರೀಮಿನಿಂದ ಗಾಳಿಯನ್ನು ತೆಗೆದರೆ ಒಂದು ಹನಿ ಬಣ್ಣವನ್ನೂ ಸೇರಿಸದೆ ಅದು ಕಣ್ಣೆದುರೇ ಗಾಢವಾಗುತ್ತದೆ.

ಬೆಣ್ಣೆಯ ಸಹಜವಾದ ಹಳದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆರೋಟಿನ್‌ನಿಂದ ಬರುವ ಈ ಹಳದಿ ಕೆಂಪು, ಹಸಿರು, ಕಂದುಗಳಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ನೀಲಿಯನ್ನು ಹಸಿರಿನತ್ತ ಎಳೆಯುತ್ತದೆ, ನೇರಳೆಯನ್ನು ಮಸುಕಾದ ಕಂದುಬೂದು ಮಾಡಿಬಿಡುತ್ತದೆ. ಆದ್ದರಿಂದ ಯಾವ ಬಣ್ಣಕ್ಕೆ ಬೆಣ್ಣೆಯನ್ನು ಬಿಳುಪಾಗಿಸಬೇಕು, ಯಾವುದಕ್ಕೆ ಇದ್ದ ಹಾಗೆಯೇ ಬಿಡಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಯಾವ ಬಗೆಯ ಬಣ್ಣ ಕೊಳ್ಳಬೇಕು

ತೆಳ್ಳಗಿನ ದ್ರವರೂಪದ ಬಣ್ಣ ಕಡುಬಣ್ಣಗಳಿಗೆ ಹೊಂದುವುದಿಲ್ಲ. ಅದರಲ್ಲಿ ನೀರೇ ಹೆಚ್ಚಾಗಿರುವುದರಿಂದ, ಬಣ್ಣ ಏರುವ ಮೊದಲೇ ಕ್ರೀಮ್ ಒಡೆದುಹೋಗುತ್ತದೆ. ಗಟ್ಟಿಯಾದ, ಸಾಂದ್ರವಾದ ಜೆಲ್ ಅಥವಾ ಪೇಸ್ಟ್ ಬಣ್ಣಗಳು ಬಟರ್‌ಕ್ರೀಮ್‌ಗೆ ಸರಿಹೊಂದುತ್ತವೆ. ಕೊಬ್ಬು ಹೆಚ್ಚಿರುವ ಕ್ರೀಮ್‌ಗಳಿಗಾಗಿ ಎಣ್ಣೆ ಆಧಾರಿತ ಬಣ್ಣಗಳೂ ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ‘ಲೇಕ್’ ಎಂದು ಕರೆಯಲಾಗುವ ವರ್ಣಕಗಳಿರುತ್ತವೆ. ಆಹಾರದ ಬಣ್ಣವನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ಗೆ ಅಂಟಿಸಿ ತಯಾರಿಸಿದ ಈ ನುಣ್ಣನೆಯ ಪುಡಿ ಕರಗದಿದ್ದರೂ ಕೊಬ್ಬಿನಲ್ಲಿ ಸಮನಾಗಿ ಹರಡಿಕೊಳ್ಳುತ್ತದೆ. ಚಾಕೊಲೇಟನ್ನೇ ಕರಗಿಸಿ ಬಣ್ಣ ಹಾಕುವುದಾದರೆ ಎಣ್ಣೆಯ ಬಣ್ಣವೇ ಬೇಕು, ಏಕೆಂದರೆ ಜೆಲ್‌ನಲ್ಲಿರುವ ಅಲ್ಪ ನೀರಿಗೂ ಕರಗಿದ ಚಾಕೊಲೇಟ್ ಗಂಟುಕಟ್ಟಿಕೊಳ್ಳುತ್ತದೆ. ಪುಡಿಬಣ್ಣ ನೀರನ್ನು ಸೇರಿಸದಿರುವುದರಿಂದ ಉಪಯುಕ್ತವೇ, ಆದರೆ ನೇರವಾಗಿ ಉದುರಿಸಿದರೆ ಚುಕ್ಕೆಚುಕ್ಕೆಯಾಗಿ ಉಳಿಯಬಹುದು. ಒಂದು ಚಮಚ ಬಿಸಿಮಾಡಿದ ಕ್ರೀಮಿನಲ್ಲಿ ಮೊದಲು ಅರೆದುಕೊಂಡು ಬಳಿಕ ಸೇರಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೇಕ್ ಅಲಂಕಾರದ ಸಾಮಗ್ರಿಗಳ ನಡುವೆ ‘ನಾನ್-ಟಾಕ್ಸಿಕ್’ ಎಂದಷ್ಟೇ ಬರೆದಿರುವ ಹೊಳಪಿನ ಪುಡಿಗಳೂ ಇರುತ್ತವೆ. ವಿಷಕಾರಿಯಲ್ಲ ಎಂದ ಮಾತ್ರಕ್ಕೆ ಅದು ತಿನ್ನಲು ತಯಾರಿಸಿದ ಪದಾರ್ಥವಾಗುವುದಿಲ್ಲ. ಲೇಬಲ್ ಮೇಲೆ ಆಹಾರಕ್ಕೆ ಬಳಸಬಹುದೆಂಬ ಸ್ಪಷ್ಟ ಸೂಚನೆಯೂ, ಅದರಲ್ಲಿರುವ ಪದಾರ್ಥಗಳ ಪಟ್ಟಿಯೂ ಇಲ್ಲದಿದ್ದರೆ ಅದನ್ನು ಕೇಕಿನ ಹತ್ತಿರವೂ ತರಬಾರದು.

ಕಪ್ಪು

ಬಿಳಿಯ ಕ್ರೀಮಿನಿಂದ ಕಪ್ಪನ್ನು ತರಲು ಹೋಗಲೇಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಪ್ಪಿಗೆ ಕೋಕೋ ಬೆರೆತ ಕ್ರೀಮೇ ತಳವಾಗಬೇಕು. ಮೆತ್ತಗಾದ 250 ಗ್ರಾಂ ಬೆಣ್ಣೆಗೆ ಜರಡಿ ಹಿಡಿದ 400 ಗ್ರಾಂ ಐಸಿಂಗ್ ಶುಗರ್, 75 ಗ್ರಾಂ ಕೋಕೋ ಪುಡಿ, ಒಂದು ಚಿಟಿಕೆ ಉಪ್ಪು ಮತ್ತು 2–3 ದೊಡ್ಡ ಚಮಚ ಹಾಲು ಸೇರಿಸಿ ನಯವಾಗುವವರೆಗೆ ತಿರುವಿದರೆ, ಒಂದು ಹನಿ ಬಣ್ಣವನ್ನು ಹಾಕುವ ಮೊದಲೇ ಅರ್ಧ ದಾರಿ ಸಾಗಿದಂತಾಗುತ್ತದೆ. ಕೋಕೋ ತೇವವನ್ನು ಹೀರಿಕೊಳ್ಳುವುದರಿಂದ ಹಾಲು ಅಗತ್ಯ. ಆದರೆ ಒಮ್ಮೆಲೇ ಸುರಿಯದೆ, ಕ್ರೀಮ್ ಸ್ಪ್ಯಾಚುಲಾದಿಂದ ನಿಧಾನವಾಗಿ ಜಾರುವ ಹದ ನೋಡಿಕೊಂಡು ಹಾಕಬೇಕು.

ಕೋಕೋದಲ್ಲೂ ಬಗೆಗಳಿವೆ. ಸಾಧಾರಣ ಕೋಕೋ ಪುಡಿ ತಿಳಿಗಂದು ಬಣ್ಣದ್ದು, ತುಸು ಹುಳಿ ರುಚಿಯದ್ದು. ಕ್ಷಾರದಿಂದ ಸಂಸ್ಕರಿಸಿದ ಡಚ್ ಕೋಕೋ ಅದಕ್ಕಿಂತ ಗಾಢ. ಆ ಸಂಸ್ಕರಣೆಯನ್ನು ಇನ್ನೂ ಮುಂದಕ್ಕೆ ಒಯ್ದಾಗ ಸಿಗುವ ಬ್ಲ್ಯಾಕ್ ಕೋಕೋ ಇದ್ದಿಲಿನಷ್ಟೇ ಕಪ್ಪಾಗಿರುತ್ತದೆ. ಬ್ಲ್ಯಾಕ್ ಕೋಕೋ ಸಿಕ್ಕರೆ ಜೆಲ್ ಬಣ್ಣದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಅದರಲ್ಲಿ ಚಾಕೊಲೇಟಿನ ಘಮ ಕಡಿಮೆ, ರುಚಿಯೂ ಚಪ್ಪಟೆ. ಆದ್ದರಿಂದ 75 ಗ್ರಾಂನಲ್ಲಿ 50 ಗ್ರಾಂ ಬ್ಲ್ಯಾಕ್ ಕೋಕೋ ಹಾಕಿ ಉಳಿದದ್ದನ್ನು ಡಚ್ ಕೋಕೋದಿಂದ ತುಂಬಿಸಿದರೆ ಬಣ್ಣವೂ ರುಚಿಯೂ ಎರಡೂ ಉಳಿಯುತ್ತವೆ.

ಮೇಲಿನ ಅಳತೆಗೆ ಮೊದಲು ಅರ್ಧ ಟೀಚಮಚ ಕಪ್ಪು ಜೆಲ್ ಸೇರಿಸಿ. ಆಗ ಬರುವುದು ಕಡುಕಂದು ಅಥವಾ ಬೂದಿ ಬೆರೆತ ಕಪ್ಪು, ಅಲ್ಲಿಗೆ ಕೈಹಿಡಿಯಬೇಕು. ಕಪ್ಪು ಬರಲಿಲ್ಲವೆಂದು ಗಾಬರಿಯಿಂದ ಇನ್ನಷ್ಟು ಸುರಿಯುವುದರಿಂದಲೇ ಕ್ರೀಮ್ ಕಹಿಯಾಗುತ್ತದೆ. ಮುಚ್ಚಿಟ್ಟ ಕ್ರೀಮ್ ರಾತ್ರಿ ಕಳೆಯುವಷ್ಟರಲ್ಲಿ ಒಂದೆರಡು ಛಾಯೆಯಷ್ಟು ಗಾಢವಾಗುತ್ತದೆ. ಬೆಳಿಗ್ಗೆ ನೋಡಿದಾಗಲೂ ಕೊರತೆ ಕಂಡರೆ ಕಾಲು ಟೀಚಮಚದಂತೆ ಸೇರಿಸಬಹುದು.

ಕಪ್ಪು ಜೆಲ್‌ಗಳಲ್ಲಿ ಹಲವು ಕೆಂಪು, ನೀಲಿ, ಹಳದಿ ಬಣ್ಣಗಳ ಮಿಶ್ರಣಗಳೇ ಆಗಿರುವುದರಿಂದ, ಸಾಕಷ್ಟು ದಟ್ಟವಾಗದ ಕಪ್ಪಿನಲ್ಲಿ ಯಾವುದಾದರೂ ಒಂದರ ಛಾಯೆ ಇಣುಕುವುದುಂಟು. ಹಸಿರು ಛಾಯೆ ಕಂಡರೆ ಒಂದು ಹನಿ ಕೆಂಪು, ನೇರಳೆ ಛಾಯೆ ಕಂಡರೆ ಟೂತ್‌ಪಿಕ್ ತುದಿಯಷ್ಟು ಹಳದಿ ಸೇರಿಸಿದರೆ ಅದು ಅಡಗುತ್ತದೆ. ಕಪ್ಪಿನ ಮೇಲೆ ಕಪ್ಪನ್ನು ಸುರಿಯುವುದಕ್ಕಿಂತ ಈ ತಿದ್ದುಪಡಿ ಬಹಳ ಪರಿಣಾಮಕಾರಿ.

ಇದ್ದಿಲಿನ ಪುಡಿಯನ್ನು, ಅಂದರೆ ಆಕ್ಟಿವೇಟೆಡ್ ಚಾರ್ಕೋಲನ್ನು ಬಳಸುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಹೊಟ್ಟೆಯಲ್ಲಿರುವ ಔಷಧಗಳನ್ನು ಹಿಡಿದಿಟ್ಟುಕೊಂಡು ಅವು ದೇಹಕ್ಕೆ ಸೇರದಂತೆ ಮಾಡುವ ಗುಣ ಅದಕ್ಕಿದೆ. ಕೇಕ್ ತಿನ್ನುವವರಲ್ಲಿ ಯಾರು ಯಾವ ಔಷಧ ಸೇವಿಸುತ್ತಿದ್ದಾರೆಂದು ನಮಗೆ ತಿಳಿದಿರುವುದಿಲ್ಲವಾದ್ದರಿಂದ ಅದನ್ನು ದೂರವಿಡುವುದೇ ಸರಿ.

ಕೆಂಪು ಮತ್ತು ಮರೂನ್

ಕೆಂಪಿನಲ್ಲಿ ಎದುರಾಗುವ ಮುಖ್ಯ ಸಮಸ್ಯೆ ರುಚಿಯದ್ದು. ಕೆಲವು ಕೆಂಪು ಬಣ್ಣಗಳು ಹೆಚ್ಚು ಪ್ರಮಾಣದಲ್ಲಿ ಬಿದ್ದಾಗ ನಾಲಿಗೆಯ ಹಿಂಬದಿಯಲ್ಲಿ ಕಹಿಯನ್ನು ಉಳಿಸುತ್ತವೆ, ಮತ್ತು ಕೆಂಪಿಗೆ ಯಾವಾಗಲೂ ಹೆಚ್ಚು ಪ್ರಮಾಣವೇ ಬೇಕಾಗುತ್ತದೆ. ‘ನೋ ಟೇಸ್ಟ್’ ಎಂದು ನಮೂದಿಸಿರುವ ಕೆಂಪು ಬಣ್ಣ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಸಿಗದಿದ್ದರೆ ವೆನಿಲ್ಲಾ ಮತ್ತು ಚಿಟಿಕೆ ಉಪ್ಪನ್ನು ತುಸು ಧಾರಾಳವಾಗಿ ಹಾಕಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ.

ಕೆಂಪಿಗೆ ಬೆಣ್ಣೆಯನ್ನು ಬಿಳುಪಾಗಿಸುವ ಗೋಜಿಗೆ ಹೋಗಬೇಕಿಲ್ಲ, ಅದರ ಹಳದಿ ಇಲ್ಲಿ ಸಹಾಯಕ್ಕೇ ಬರುತ್ತದೆ. ಮೊದಲ ಹಂತದಲ್ಲಿ ಕ್ರೀಮನ್ನು ಗಾಢ ಗುಲಾಬಿಯವರೆಗೆ ತಂದು, ಒಂದು ಹನಿ ಕಿತ್ತಳೆ ಸೇರಿಸಿ, ಆಮೇಲೆ ಉಳಿದ ಕೆಂಪನ್ನು ಎರಡು ಮೂರು ಕಂತುಗಳಲ್ಲಿ ಹಾಕಬೇಕು. ಕಿತ್ತಳೆಯ ಆ ಒಂದು ಹನಿ ಕೆಂಪಿನೊಳಗಿನ ಗುಲಾಬಿ ಛಾಯೆಯನ್ನು ಅಡಗಿಸುತ್ತದೆ. ಇಷ್ಟಾದ ಮೇಲೂ ಬಟ್ಟಲಲ್ಲಿ ಕಾಣುವುದು ಹವಳದ ಬಣ್ಣವೇ. ಕೆಂಪು ತನ್ನ ಪೂರ್ಣ ದಟ್ಟತೆಗೆ ಬರಲು ಕಪ್ಪಿನಷ್ಟೇ ಸಮಯ ತೆಗೆದುಕೊಳ್ಳುತ್ತದೆ.

ಮರೂನ್ ಬೇಕಾದವರು ಇದಕ್ಕಿಂತ ಸುಲಭವಾಗಿ ಗುರಿ ಮುಟ್ಟಬಹುದು. ಒಂದು ಬಟ್ಟಲು ಕ್ರೀಮ್‌ಗೆ ಎರಡು ಟೀಚಮಚ ಕೋಕೋ ಬೆರೆಸಿ, ಅದರ ಮೇಲೆ ಕೆಂಪು ಜೆಲ್ ಹಾಕಿದರೆ ಕಡಿಮೆ ಬಣ್ಣದಲ್ಲೇ ದಾಳಿಂಬೆ ಸಿಪ್ಪೆಯ ಗಾಢತೆ ಬರುತ್ತದೆ. ಕಪ್ಪು ಜೆಲ್ ಹಾಕಿ ಮರೂನ್ ಮಾಡುವವರಿದ್ದಾರೆ. ಅದರಿಂದ ಕೆಂಪಿನ ಕಳೆ ಹೋಗಿ ಬಣ್ಣ ಸತ್ತಂತೆ ಕಾಣುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಕಡುನೀಲಿ, ನೇರಳೆ, ಹಸಿರು

ನೀಲಿ ಮತ್ತು ನೇರಳೆಗಳಿಗೆ ಬೆಣ್ಣೆಯ ಹಳದಿಯನ್ನು ಮೊದಲು ತೆಗೆಯಬೇಕು. ಸಕ್ಕರೆ ಸೇರಿಸುವ ಮುನ್ನ ಬೆಣ್ಣೆಯೊಂದನ್ನೇ ಬೀಟರ್‌ನಲ್ಲಿ 8–10 ನಿಮಿಷ, ಅದು ಕೆನೆಬಿಳುಪಾಗುವವರೆಗೆ ಬಡಿಯಿರಿ. ಬಳಿಕ ಟೂತ್‌ಪಿಕ್ ತುದಿಯಲ್ಲಿ ಹಿಡಿದಷ್ಟು ನೇರಳೆ ಜೆಲ್ ಬೆರೆಸಿದರೆ ಉಳಿದ ಹಳದಿಯೂ ಅಳಿಯುತ್ತದೆ. ಹೀಗೆ ಬಡಿದಾಗ ತುಂಬಿಕೊಂಡ ಗಾಳಿಯನ್ನು ಬಣ್ಣ ಹಾಕಿದ ನಂತರ ಹೊರತೆಗೆಯಬೇಕೆಂಬುದು ನೆನಪಿರಲಿ.

ಕಡುನೀಲಿಗೆ ರಾಯಲ್ ಬ್ಲೂ ಜೆಲ್ ಮುಖ್ಯ. ಅದನ್ನು ಗಟ್ಟಿ ನೀಲಿಯಾಗುವವರೆಗೆ ಸೇರಿಸಿ, ಆಮೇಲೆ ತುಸು ನೇರಳೆ, ಅದಕ್ಕಿಂತಲೂ ತುಸುವೇ ಕಪ್ಪು ಬೆರೆಸಬೇಕು. ಕಪ್ಪು ಒಂದು ಹನಿ ಹೆಚ್ಚಾದರೂ ನೀಲಿ ಬೂದಿಯಾಗಿ ತಿರುಗುತ್ತದೆ, ಹಾಗಾಗಿ ಅದನ್ನು ಟೂತ್‌ಪಿಕ್‌ನಿಂದಲೇ ಸೇರಿಸುವುದು ಕ್ಷೇಮ. ನೇರಳೆಯ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. ಅದು ಕೆಂಪು ಮತ್ತು ನೀಲಿ ಬಣ್ಣಗಳ ಮಿಶ್ರಣವಾಗಿದ್ದು, ಬೆಳಕಿಗೆ ಕೆಂಪಿನ ಭಾಗ ಬೇಗ ಮಾಸುವುದರಿಂದ ಸಂಜೆ ನೇರಳೆಯಾಗಿದ್ದ ಹೂವು ಮರುದಿನ ನೀಲಿಯಾಗಿ ಕಾಣಬಹುದು. ಮುಗಿದ ಕೇಕನ್ನು ಬಿಸಿಲಿನಿಂದ, ಪ್ರಖರ ದೀಪಗಳಿಂದ ಮರೆಮಾಡಿ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು, ನೇರಳೆಗೆ ಆರಂಭದಲ್ಲೇ ಒಂದೆರಡು ಹನಿ ಗುಲಾಬಿ ಹೆಚ್ಚಾಗಿ ಹಾಕಿರುವುದು ಇದಕ್ಕೆ ಉಪಾಯ.

ದಟ್ಟಹಸಿರಿಗೆ ಹಸಿರು ಜೆಲ್‌ನ ಜೊತೆ ತುಸು ಕಂದು ಅಥವಾ ಕೆಂಪು ಸೇರಿಸಿದರೆ ಎಲೆಗಳಿಗೆ ಒಪ್ಪುವ ಸಹಜ ಬಣ್ಣ ಬರುತ್ತದೆ. ಕಂದು ಬೇಕಾದವರಿಗೆ ಕೋಕೋ ಒಂದೇ ಸಾಕು.

ಗಾಳಿ ತೆಗೆಯುವುದು, ಬಿಸಿ ಮಾಡುವುದು

ಬಣ್ಣ ಹಾಕಿದ ಕ್ರೀಮನ್ನು ದಟ್ಟಗೊಳಿಸಲು ಎರಡು ನಂಬಿಕಸ್ತ ವಿಧಾನಗಳಿವೆ. ಮೊದಲನೆಯದರಲ್ಲಿ, ಬಣ್ಣ ಬೆರೆಸಿದ ಕ್ರೀಮಿನ ಮೂರನೇ ಒಂದು ಭಾಗವನ್ನು ಗಾಜಿನ ಬಟ್ಟಲಿಗೆ ತೆಗೆದುಕೊಂಡು ಮೈಕ್ರೋವೇವ್‌ನಲ್ಲಿ 10 ಸೆಕೆಂಡಿನಂತೆ ಬಿಸಿಮಾಡುತ್ತಾ, ಪ್ರತಿ ಸಲ ಕಲಕಿ ನೋಡುತ್ತಾ ಹೋಗಬೇಕು. ಅದು ದೋಸೆ ಹಿಟ್ಟಿನಂತೆ ಹರಿಯುವ ಹದಕ್ಕೆ ಬಂದಾಗ, ಗಾಳಿ ಹೊರಟುಹೋಗಿ ಬಣ್ಣ ಪೂರ್ತಿಯಾಗಿ ಬಿಚ್ಚಿಕೊಂಡು, ಉಳಿದ ಕ್ರೀಮಿಗಿಂತ ಎಷ್ಟೋ ಪಾಲು ಗಾಢವಾಗಿ ಕಾಣುತ್ತದೆ. ಅದನ್ನು ಮತ್ತೆ ಮೂಲ ಕ್ರೀಮ್‌ಗೆ ಸುರಿದು ಸ್ಪ್ಯಾಚುಲಾದಿಂದ ನಿಧಾನವಾಗಿ ಬೆರೆಸಬೇಕು. ಎಲ್ಲವೂ ಸಡಿಲವಾದಂತೆ ಕಂಡರೆ 10 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ತಿರುವಿದರೆ ಹದಕ್ಕೆ ಬರುತ್ತದೆ. ಮೈಕ್ರೋವೇವ್ ಇಲ್ಲದಿದ್ದರೆ ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲನ್ನಿಟ್ಟು ಇದೇ ಕೆಲಸ ಮಾಡಬಹುದು. ನೀರಿನ ಹನಿ ಒಳಗೆ ಬೀಳದಿದ್ದರೆ ಸಾಕು.

ಎರಡನೆಯದು ಹ್ಯಾಂಡ್ ಬ್ಲೆಂಡರ್. ಎತ್ತರವಾದ, ಕಿರಿದಾದ ಲೋಟದಲ್ಲಿ ಕ್ರೀಮ್ ತುಂಬಿ, ಬ್ಲೆಂಡರ್‌ನ ತಲೆಯನ್ನು ಪೂರ್ತಿ ಮುಳುಗಿಸಿ, ಮೇಲಕ್ಕೆ ಎತ್ತದೆ ಒಂದೆರಡು ನಿಮಿಷ ಓಡಿಸಿದರೆ, ಅದರ ಅಲಗು ಗಾಳಿಗುಳ್ಳೆಗಳನ್ನು ಒಡೆದು ಬಣ್ಣವನ್ನು ಕೊಬ್ಬಿನ ನಡುವೆ ಸಣ್ಣದಾಗಿ ಚದುರಿಸುತ್ತದೆ. ಮೊಟ್ಟೆಯ ಬಿಳಿಭಾಗದಿಂದ ಮಾಡುವ ಸ್ವಿಸ್ ಮೆರಿಂಗ್ ಬಟರ್‌ಕ್ರೀಮ್ ಬಣ್ಣವನ್ನು ಹಿಡಿಯಲು ಬಹಳ ಹಟ ಮಾಡುವಂಥದ್ದು, ಬಣ್ಣ ಸಣ್ಣ ಹನಿಗಳಾಗಿ ಬೇರೆಯಾಗಿಯೇ ನಿಲ್ಲುತ್ತದೆ. ಅದಕ್ಕೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ನಾನು ಬ್ಲೆಂಡರನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಕ್ರೀಮಿನ ಮೈ ರೇಷ್ಮೆಯಂತೆ ನಯವಾಗುವುದರಿಂದ ಕೇಕಿನ ಅಂಚು ಚೂಪಾಗಿ ಬರುತ್ತದೆ.

ಕಾಯುವುದು ಮತ್ತು ಪರೀಕ್ಷಿಸುವುದು

ಕಡುಬಣ್ಣದ ಕ್ರೀಮನ್ನು ಹಿಂದಿನ ದಿನವೇ ತಯಾರಿಸಿ. ಕ್ರೀಮಿನ ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಡಬ್ಬಿಯ ಮುಚ್ಚಳ ಬಿಗಿದು, ಫ್ರಿಜ್‌ನಲ್ಲಿಟ್ಟು, ಮರುದಿನ ಕೋಣೆಯ ಉಷ್ಣತೆಗೆ, ಅಂದರೆ 20–22 ಡಿಗ್ರಿ ಸೆಲ್ಸಿಯಸ್‌ಗೆ ಬರಲು ಬಿಡಬೇಕು. ಮತ್ತೆ ನಯಗೊಳಿಸುವಾಗ ಬೀಟರ್‌ನ ವೇಗವನ್ನು ಹೆಚ್ಚಿಸಿದರೆ ಗಾಳಿ ಸೇರಿ ಬಣ್ಣ ಹಿಂದಕ್ಕೆ ಹೋಗುತ್ತದೆ. ಸ್ಪ್ಯಾಚುಲಾದಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ತಿರುವುವುದೇ ಸರಿಯಾದ ಕ್ರಮ.

ಬಣ್ಣವನ್ನು ನಿರ್ಧರಿಸುವಾಗ ಬಟ್ಟಲನ್ನು ನೋಡಿ ತೀರ್ಮಾನಿಸಬೇಡಿ. ಸ್ವಲ್ಪ ಕ್ರೀಮನ್ನು ಬಿಳಿ ತಟ್ಟೆಯ ಮೇಲೆ, ಕೇಕಿಗೆ ಹಚ್ಚುವಷ್ಟೇ ದಪ್ಪವಾಗಿ ಸವರಿ, ಕಾಲು ಗಂಟೆ ಬಿಟ್ಟು, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಕಡುನೀಲಿ ಕಪ್ಪಾಗಿ ಕಾಣುತ್ತದೆ, ಮರೂನ್ ಕಂದಾಗಿ ಕಾಣುತ್ತದೆ.

ಬೇಕಾದ ಪ್ರಮಾಣಕ್ಕಿಂತ ಸ್ವಲ್ಪ ಹೆಚ್ಚನ್ನೇ ಒಂದೇ ಸಲ ತಯಾರಿಸುವುದು ಅವಶ್ಯ. ನಡುವೆ ಕ್ರೀಮ್ ಮುಗಿದು ಎರಡನೇ ಸಲ ಬೆರೆಸಿದರೆ ಅದೇ ಛಾಯೆ ಬರುವುದು ಕಷ್ಟ. ಬಂದರೂ ಹಳೆಯದು ಗಾಢವಾಗುತ್ತಾ ಹೋಗಿರುವುದರಿಂದ ಕೇಕಿನ ಮೇಲೆ ಎರಡೂ ಬೇರೆಬೇರೆಯಾಗಿ ಎದ್ದುಕಾಣುತ್ತವೆ.

ಬೇರೆ ಬಗೆಯ ಕ್ರೀಮ್‌ಗಳು

ವಿಪ್ಪಿಂಗ್ ಕ್ರೀಮಿನಲ್ಲಿ ಕಡುಬಣ್ಣವನ್ನು ನಿರೀಕ್ಷಿಸಬಾರದು. ಅದರ ಹಗುರತನವೇ ಗಾಳಿಯಿಂದ ಬಂದದ್ದು, ಬಣ್ಣಕ್ಕಾಗಿ ಹೆಚ್ಚು ತಿರುವಿದರೆ ಒಡೆದು ಬೆಣ್ಣೆಯಾಗುತ್ತದೆ. ಹಾಕಲೇಬೇಕಾದರೆ ದ್ರವವಾಗಿರುವಾಗಲೇ ಜೆಲ್ ಸೇರಿಸಿ ಬಳಿಕ ಬಡಿಯಬೇಕು. ಕ್ರೀಮ್ ಚೀಸ್ ಕ್ರೀಮೂ ಸಡಿಲವಾಗುವಂಥದ್ದೇ. ಮೊಟ್ಟೆಯ ಬಿಳಿಭಾಗ ಮತ್ತು ಐಸಿಂಗ್ ಶುಗರ್ ಬಡಿದು ಮಾಡುವ ರಾಯಲ್ ಐಸಿಂಗ್‌ನಲ್ಲಿ ಕೊಬ್ಬು ಇಲ್ಲದ್ದರಿಂದ ಬಣ್ಣ ಸುಲಭವಾಗಿ ಹಿಡಿಯುತ್ತದೆ, ಒಣಗುತ್ತಾ ಇನ್ನಷ್ಟು ಗಾಢವಾಗುತ್ತದೆ. ಆದರೆ ಜೆಲ್ ಹೆಚ್ಚಾದರೆ ಅದು ಗಟ್ಟಿಯಾಗದೆ ಅಂಟಂಟಾಗಿ ಉಳಿದು ಪಕ್ಕದ ಬಿಳಿಗೆ ಹರಿಯುತ್ತದೆ. ಕಪ್ಪು ಬೇಕಾದಾಗ ಡಾರ್ಕ್ ಚಾಕೊಲೇಟಿನ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಮಿಶ್ರಣ, ಒಳ್ಳೆಯ ಆಯ್ಕೆ, ಅದಕ್ಕೆ ಒಂದೆರಡು ಹನಿ ಎಣ್ಣೆಯ ಕಪ್ಪು ಬಣ್ಣ ಸಾಕು.

ಬೀಟ್‌ರೂಟ್, ಬೆರ್ರಿ ಹಣ್ಣುಗಳ ಪುಡಿ ಮೊದಲಾದ ಸಸ್ಯಜನ್ಯ ಬಣ್ಣಗಳು ಚೆಂದದ ಗುಲಾಬಿ, ನೇರಳೆಗಳನ್ನು ಕೊಡುತ್ತವೆ. ಅವುಗಳಿಂದ ನಿಜವಾದ ಕೆಂಪು ಅಥವಾ ಕಪ್ಪನ್ನು ತರುವುದು ಸಾಧ್ಯವಿಲ್ಲ. ಅಷ್ಟು ಪುಡಿ ಹಾಕಿದರೆ ಕ್ರೀಮ್ ಆ ತರಕಾರಿಯದೇ ರುಚಿಗೆ ಬರುತ್ತದೆ. ಕೃತಕ ಬಣ್ಣ ಬೇಡವೆನ್ನುವವರಿಗೆ ಬ್ಲ್ಯಾಕ್ ಕೋಕೋದ ಕಪ್ಪು ಇದ್ದೇ ಇದೆ.

ಕೇಕಿನ ಮೇಲೆ ಹಚ್ಚುವಾಗ

ಇಡೀ ಕೇಕನ್ನು ಕಡುಬಣ್ಣದ ಕ್ರೀಮಿನಿಂದಲೇ ತುಂಬಬೇಕಾಗಿಲ್ಲ. ಪದರಗಳ ನಡುವೆಯೂ ಕ್ರಂಬ್ ಕೋಟ್‌ಗೂ (ಕೇಕಿನ ಪುಡಿ ಉದುರದಂತೆ ಮೊದಲು ಹಚ್ಚುವ ತೆಳುಪದರಕ್ಕೂ) ಬಣ್ಣವಿಲ್ಲದ ಕ್ರೀಮನ್ನು, ಕಪ್ಪು ಕೇಕಾದರೆ ಚಾಕೊಲೇಟ್ ಕ್ರೀಮನ್ನು ಬಳಸಿ, ಫ್ರಿಜ್‌ನಲ್ಲಿ ಗಟ್ಟಿಯಾಗಿಸಿ, ಮೇಲಿನ 2–3 ಮಿಲಿಮೀಟರಿನಷ್ಟು ಪದರಕ್ಕೆ ಮಾತ್ರ ಕಡುಬಣ್ಣವನ್ನು ಹಚ್ಚಿದರೆ ತಿನ್ನುವವರ ಹೊಟ್ಟೆಗೆ ಹೋಗುವ ಬಣ್ಣ ಬಹಳ ಕಡಿಮೆಯಾಗುತ್ತದೆ, ಹಲ್ಲು ನಾಲಿಗೆಗಳೂ ಅಷ್ಟಾಗಿ ಕಲೆಗಟ್ಟುವುದಿಲ್ಲ. ಮಕ್ಕಳು ತಿನ್ನುವ ಕೇಕಿಗೆ ಈ ಕ್ರಮವನ್ನು ತಪ್ಪದೆ ಪಾಲಿಸಬೇಕೆಂದು ನಾನು ಹೇಳುತ್ತೇನೆ. ಹೂವುಗಳಲ್ಲಿ ಇನ್ನೊಂದು ದಾರಿಯಿದೆ: ಪೈಪಿಂಗ್ ಬ್ಯಾಗಿನ ಒಳಗೋಡೆಗೆ, ನಾಝಲ್‌ನ ಕಿರಿದಾದ ತುದಿಯ ನೇರಕ್ಕೆ, ಬ್ರಷ್‌ನಿಂದ ಜೆಲ್‌ನ ಒಂದು ಗೆರೆ ಎಳೆದು, ಅದರೊಳಗೆ ಮಧ್ಯಮ ಗಾಢತೆಯ ಕ್ರೀಮ್ ತುಂಬಿದರೆ ದಳದ ಅಂಚು ಮಾತ್ರ ಕಡುವಾಗಿ ಬಂದು ಇಡೀ ಹೂವೇ ದಟ್ಟವಾಗಿರುವಂತೆ ಕಾಣುತ್ತದೆ.

ಬಿಳಿಯ ಪಕ್ಕದಲ್ಲಿ ಕಪ್ಪು ಅಥವಾ ಕೆಂಪು ಬರುವ ವಿನ್ಯಾಸಗಳಲ್ಲಿ ಬಣ್ಣ ಹರಿಯುವ ಭಯ ಇದ್ದೇ ಇರುತ್ತದೆ. ತೇವವೇ ಇದಕ್ಕೆ ಕಾರಣ. ಬಿಳಿಯ ಭಾಗವನ್ನು ಮೊದಲು ಮುಗಿಸಿ, ಫ್ರಿಜ್‌ನಲ್ಲಿ ಗಟ್ಟಿಯಾಗಲು ಬಿಟ್ಟು, ಕಡುಬಣ್ಣದ ಭಾಗವನ್ನು ಆದಷ್ಟು ಕೊನೆಯಲ್ಲಿ ಸೇರಿಸಬೇಕು. ಫ್ರಿಜ್‌ನಿಂದ ಹೊರತಂದ ಕೇಕಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿಗಳೇ ಬಣ್ಣವನ್ನು ಕರಗಿಸಿ ಕೆಳಗಿಳಿಸುತ್ತವೆ. ಆದ್ದರಿಂದ ಕೇಕನ್ನು ಪೆಟ್ಟಿಗೆಯಲ್ಲಿ ಮುಚ್ಚಿಯೇ ಹೊರಗಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ತೆರೆಯಬೇಕು. ಹನಿಗಟ್ಟಿದ್ದರೂ ಒರೆಸಲು ಹೋಗಬೇಡಿ. ಮುಟ್ಟದೆ ಬಿಟ್ಟರೆ ಅದು ತಾನಾಗಿ ಆರುತ್ತದೆ, ಮುಟ್ಟಿದರೆ ಕಲೆ ಖಚಿತ.

ಕೆಲಸಕ್ಕೆ ಸ್ಟೀಲ್ ಅಥವಾ ಗಾಜಿನ ಪಾತ್ರೆಗಳನ್ನೇ ಬಳಸಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಸಾಮಾನುಗಳಿಗೆ ಹಿಡಿದ ಕೆಂಪು ಮುಂದಿನ ಬಿಳಿ ಕ್ರೀಮಿಗೂ ಬರಬಹುದು. ಉಳಿದ ಕಡುಬಣ್ಣದ ಕ್ರೀಮನ್ನು ಎಸೆಯದೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಡಿ. ಮುಂದಿನ ಸಲ ಕಪ್ಪು ಬೇಕಾದಾಗ ಹೊಸ ಚಾಕೊಲೇಟ್ ಕ್ರೀಮ್‌ಗೆ ಇದನ್ನು ಬೆರೆಸಿಕೊಂಡೇ ಆರಂಭಿಸಿದರೆ ಜೆಲ್ ಇನ್ನೂ ಕಡಿಮೆ ಸಾಕಾಗುತ್ತದೆ. ಬೇರೆಬೇರೆ ಕಡುಬಣ್ಣಗಳ ಚೂರುಪಾರು ಉಳಿದಿದ್ದರೆ ಅವನ್ನೆಲ್ಲ ಒಟ್ಟುಗೂಡಿಸಿದಾಗ ಬರುವ ಮಣ್ಣುಬಣ್ಣವೂ ಕಪ್ಪಿಗೆ ಒಳ್ಳೆಯ ತಳವಾಗುತ್ತದೆ.